ಹಾಲು ತಳ ಹಿಡಿಯುತ್ತದೆ, ಪಾಯಸ ಸೀಯುತ್ತದೆ: ತಪ್ಪು ಯಾರದು?

ಪ್ರಶ್ನೆ: ಈಚೆಗೆ ಮನೆ ಬದಲಿಸಿದೆವು. ಅಮ್ಮ ಕೊಟ್ಟಿದ್ದ ಹಳೆಯ ಅಲ್ಯೂಮಿನಿಯಂ ಪಾತ್ರೆಗಳನ್ನು ಅಟ್ಟಕ್ಕೆ ಹಾಕಿ ಹೊಸ ಸ್ಟೀಲ್ ಪಾತ್ರೆಗಳನ್ನು ಕೊಂಡೆ. ಗ್ಯಾಸ್ ಒಲೆಯ ಜೊತೆಗೆ ಇಂಡಕ್ಷನ್ ಒಲೆಯೂ ಬಂತು. ಅಂದಿನಿಂದ ಹಾಲು ದಿನವೂ ತಳ ಹಿಡಿಯುತ್ತಿದೆ. ಗೌರಿ ಹಬ್ಬದ ಶಾವಿಗೆ ಪಾಯಸ ಸೀದು ಹೋಯಿತು. ಕುಕ್ಕರಿನಲ್ಲಿ ನೇರವಾಗಿ ಬಿಸಿಬೇಳೆಬಾತ್ ಮಾಡಿದರೆ ಅಡಿಯಲ್ಲಿ ಒಂದು ಬೆರಳು ಕರಕಲು. ಉರಿ ಎಷ್ಟು ಸಣ್ಣದು ಮಾಡಿದರೂ ಅಷ್ಟೇ. ಪಾತ್ರೆ ಸರಿಯಿಲ್ಲವೇ, ಒಲೆ ಸರಿಯಿಲ್ಲವೇ ಅಥವಾ ನನಗೆ ಅಡುಗೆ ಬರುವುದಿಲ್ಲವೇ? ಸೀದ ಪಾತ್ರೆಗಳನ್ನು ಉಳಿಸಿಕೊಳ್ಳುವುದು ಹೇಗೆ?
– ಓದುಗರೊಬ್ಬರು, ಮೈಸೂರು

ಉತ್ತರ: ಕೊನೆಯ ಅನುಮಾನವನ್ನು ಮೊದಲು ಬಿಡಿ. ನಿಮ್ಮ ಅಡುಗೆಗೆ ಏನೂ ಆಗಿಲ್ಲ. ನೀವು ಬರೆದಿರುವುದನ್ನು ನೋಡಿದರೆ ಹೆಚ್ಚಿನ ತಪ್ಪು ಹೊಸ ಪಾತ್ರೆಯದು, ಉಳಿದದ್ದು ಇಂಡಕ್ಷನ್ ಒಲೆಯದು. ಬಿಸಿಬೇಳೆಬಾತಿನ ವಿಷಯ ಬೇರೆ, ಅದಕ್ಕೆ ಆಮೇಲೆ ಬರುತ್ತೇನೆ.

ಮುಂದಿನ ಸಲ ಹಾಲು ತಳ ಹಿಡಿದಾಗ ಕೂಡಲೇ ಉಜ್ಜಲು ಕೂರಬೇಡಿ. ಪಾತ್ರೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ಕಲೆಯ ಆಕಾರ ನೋಡಿ. ಕಂದು ಬಣ್ಣ ಬಳೆಯ ಹಾಗೆ ದುಂಡಗಿದ್ದು ನಡುವೆ ಬೆಳ್ಳಗಿದ್ದರೆ ಪಾತ್ರೆಯ ತಳ ತೆಳು ಎಂದು ತಿಳಿಯಿರಿ. ಗ್ಯಾಸಿನ ಮೇಲೆ ಇಟ್ಟಿದ್ದರೆ ಆ ಬಳೆ ಬರ್ನರಿನ ರಂಧ್ರಗಳ ಸಾಲಿಗೆ ಸರಿಹೊಂದುತ್ತದೆ. ಒಮ್ಮೊಮ್ಮೆ ಒಂದೊಂದು ರಂಧ್ರಕ್ಕೂ ಒಂದೊಂದು ಚುಕ್ಕೆ ಎಣಿಸಬಹುದು. ಇಂಡಕ್ಷನ್ ಮೇಲಾದರೆ ಗಾಜಿನ ಕೆಳಗಿರುವ ಸುರುಳಿಯ ಅಳತೆಯ ಬಳೆ ಮೂಡುತ್ತದೆ. ಕಲೆ ಒಂದೇ ಬದಿಗಿದ್ದರೆ ಒಲೆಯ ಕಾಲು ಅಥವಾ ಪಾತ್ರೆ ಇಡುವ ಜಾಲರಿ ವಾಲಿದೆ, ಇಲ್ಲವೇ ಬರ್ನರಿನ ಅರ್ಧ ರಂಧ್ರಗಳು ಕಟ್ಟಿಕೊಂಡಿವೆ. ಇಡೀ ತಳ ಒಂದೇ ಸಮನೆ ಕಂದಾಗಿದ್ದರೆ ಮಾತ್ರ ಉರಿ ಹೆಚ್ಚಾಯಿತು ಅಥವಾ ಪದಾರ್ಥ ಗಟ್ಟಿಯಾಯಿತು ಎನ್ನಬೇಕು. ನಿಮ್ಮ ಪಾತ್ರೆಯಲ್ಲಿ ಬಳೆಯೇ ಕಾಣುತ್ತದೆ ಎಂದು ನನ್ನ ಊಹೆ.

ಸ್ಟೀಲ್ ಗಟ್ಟಿ, ತುಕ್ಕು ಹಿಡಿಯುವುದಿಲ್ಲ, ಹುಳಿಗೆ ಹೆದರುವುದಿಲ್ಲ. ಆದರೆ ಶಾಖವನ್ನು ಹರಡುವುದರಲ್ಲಿ ಅದರಷ್ಟು ಮಂದ ಲೋಹ ಅಡುಗೆಮನೆಯಲ್ಲಿ ಇನ್ನೊಂದಿಲ್ಲ. ಲೋಹದ ಶಾಖವಾಹಕತೆಯನ್ನು ಅಳೆಯುವ ಮಾನದಲ್ಲಿ ಸ್ಟೇನ್‌ಲೆಸ್ ಸ್ಟೀಲ್ ಸುಮಾರು 15, ಎರಕದ ಕಬ್ಬಿಣ ಸುಮಾರು 50, ಹಿತ್ತಾಳೆ 110ರ ಆಸುಪಾಸು, ಶುದ್ಧ ಅಲ್ಯೂಮಿನಿಯಂ 235ರ ಹತ್ತಿರ, ತಾಮ್ರ 400ರ ಹತ್ತಿರ. ಉರಿ ಬಿದ್ದ ಜಾಗದಿಂದ ಪಕ್ಕಕ್ಕೆ ಶಾಖ ಸರಿಯದಿದ್ದರೆ ಆ ಜಾಗ ಮಾತ್ರ ಕೆಂಡದಂತೆ ಕಾಯುತ್ತದೆ, ಎರಡು ಬೆರಳು ಆಚೆಗೆ ಹಾಲು ಉಗುರುಬೆಚ್ಚಗೆ ಇರುತ್ತದೆ. ಅಮ್ಮನ ಅಲ್ಯೂಮಿನಿಯಂ ಬೋಗುಣಿಯಲ್ಲಿ ಹೀಗಾಗುತ್ತಿರಲಿಲ್ಲ. ಅದನ್ನು ಅಟ್ಟದಿಂದ ಇಳಿಸಿ ಹಾಲಿಗೆ ಮೀಸಲಿಡಿ. ಸಾರು, ಹುಳಿ, ಗೊಜ್ಜುಗಳನ್ನು ಮಾತ್ರ ಅದರಲ್ಲಿ ಮಾಡಬೇಡಿ, ಹುಣಸೆಯ ಹುಳಿ ಅಲ್ಯೂಮಿನಿಯಂ ಅನ್ನು ಕರಗಿಸುತ್ತದೆ. ಇಂಡಕ್ಷನ್ ಮೇಲೆ ಅದು ಕಾಯುವುದಿಲ್ಲ, ಗ್ಯಾಸಿಗೇ ಬೇಕು.

ಇನ್ನು ಅಸಲಿ ಕಾರಣ. ತಳದಲ್ಲಿ ನೀರು ಓಡಾಡುತ್ತಿರುವವರೆಗೆ ಯಾವ ಪದಾರ್ಥವೂ ಸೀಯುವುದಿಲ್ಲ. ನೀರು ಮೈಸೂರಿನ ಎತ್ತರದಲ್ಲಿ 97ರಿಂದ 98 ಡಿಗ್ರಿ ಸೆಲ್ಸಿಯಸ್‌ಗೆ ಕುದಿಯುತ್ತದೆ. ಅದಕ್ಕಿಂತ ಹೆಚ್ಚಿಗೆ ಎಷ್ಟು ಉರಿ ಕೊಟ್ಟರೂ ನೀರು ಆವಿಯಾಗಿ ಶಾಖವನ್ನು ಹೊತ್ತೊಯ್ಯುತ್ತದೆ, ತಳದ ಬಿಸಿ ಅಲ್ಲೇ ಸುತ್ತಮುತ್ತ ನಿಲ್ಲುತ್ತದೆ. ಆಹಾರ ಕಂದುಬಣ್ಣಕ್ಕೆ ತಿರುಗಲು ಸಾಮಾನ್ಯವಾಗಿ 140 ಡಿಗ್ರಿಯಾದರೂ ಬೇಕು. ಹಾಗಾಗಿ ಸೀಯುವುದಕ್ಕೆ ಮೊದಲು ತಳದ ಒಂದು ತೆಳುಪದರದಲ್ಲಿ ನೀರು ಆರಿಹೋಗಿರಬೇಕು, ಮೇಲಿನಿಂದ ಹೊಸ ನೀರು ಅಲ್ಲಿಗೆ ಇಳಿಯದೆ ಇರಬೇಕು. ಮೇಲೆ ಧಾರಾಳ ನೀರಿದ್ದರೂ ಇದು ಆಗಬಹುದು, ಏಕೆಂದರೆ ಗಂಜಿ ಕಟ್ಟಿಕೊಂಡ ಪಾಯಸದಲ್ಲಿ ನೀರು ಇರುತ್ತದೆಯೇ ಹೊರತು ಚಲಿಸುವುದಿಲ್ಲ.

ಇದನ್ನು ನಮ್ಮ ಹಿರಿಯರು ಯಾವ ಪಾಠವೂ ಇಲ್ಲದೆ ಬಲ್ಲವರಾಗಿದ್ದರು. ರಾಗಿ ಮುದ್ದೆ ಮಾಡುವುದನ್ನು ಗಮನಿಸಿ. ಎಸರು ಮರಳುವಾಗ ಹಿಟ್ಟನ್ನು ಗುಡ್ಡೆಯಾಗಿ ಸುರಿಯುತ್ತಾರೆ, ಕದಡುವುದಿಲ್ಲ. ನಡುವೆ ಕೋಲಿನಿಂದ ತೂತು ಮಾಡಿ ಎಸರು ಮೇಲಕ್ಕೆ ಉಕ್ಕಿ ಹಿಟ್ಟನ್ನು ನೆನೆಸಲು ಬಿಡುತ್ತಾರೆ. ಹಿಟ್ಟು ಬೇಯುವಷ್ಟು ಹೊತ್ತೂ ತಳದಲ್ಲಿರುವುದು ತಿಳಿ ನೀರು. ಗಟ್ಟಿಯಾಗಿ ತಿರುವುವ ಹೊತ್ತಿಗೆ ಪಾತ್ರೆ ಒಲೆಯಿಂದ ಕೆಳಗಿಳಿದಿರುತ್ತದೆ. ಮೊದಲೇ ಕದಡಿದವರ ಮುದ್ದೆ ಗಂಟೂ ಆಗುತ್ತದೆ, ತಳವೂ ಹಿಡಿಯುತ್ತದೆ.

ನೀರಿನ ಓಡಾಟ ನಿಂತಿತೆಂದು ತಿಳಿಯಲು ಕಣ್ಣಿಗಿಂತ ಕಿವಿ ಉಪಯೋಗಕ್ಕೆ ಬರುತ್ತದೆ. ತೆಳುವಾಗಿರುವಾಗ ಪಾಯಸ ಒಂದೇ ಸಮನೆ ಕೊತಕೊತ ಎನ್ನುತ್ತದೆ. ಗಟ್ಟಿಯಾಗುತ್ತಿದ್ದಂತೆ ಆ ಸದ್ದು ಒಡೆದು, ನಡುನಡುವೆ ಮೌನ, ಆಮೇಲೆ ಲೊಚಕ್ಕೆಂದು ಒಂದು ದೊಡ್ಡ ಗುಳ್ಳೆ. ಆ ಗುಳ್ಳೆ ತಳದಲ್ಲಿ ಸಿಕ್ಕಿಬಿದ್ದ ಆವಿ. ಅದು ಕೇಳಿದ ಕೂಡಲೇ ಉರಿಯನ್ನು ತೀರ ಸಣ್ಣದು ಮಾಡಬೇಕು, ಕೈ ಬಿಡದೆ ತಿರುವಬೇಕು. ತಿರುವುವುದೆಂದರೆ ಸೌಟನ್ನು ಮೇಲೆ ಮೇಲೆ ಆಡಿಸುವುದಲ್ಲ. ಚಪ್ಪಟೆ ಅಂಚಿನ ಮರದ ಸಟ್ಟುಗದಿಂದ ತಳವನ್ನು, ಅದರಲ್ಲೂ ತಳ ಮತ್ತು ಗೋಡೆ ಸೇರುವ ಮೂಲೆಯನ್ನು ಕೆರೆಯುವುದು. ದುಂಡು ಸೌಟು ಆ ಮೂಲೆಗೆ ಹೋಗುವುದೇ ಇಲ್ಲ.

ಈಗ ಹಾಲಿಗೆ ಬರೋಣ. ಹಾಲು ನೀರಿನಷ್ಟೇ ತೆಳ್ಳಗಿದ್ದರೂ ತಳ ಹಿಡಿಯುತ್ತದೆ, ಅದೇಕೆ? ಹಾಲಿನಲ್ಲಿ ಕೇಸಿನ್ ಅಲ್ಲದೆ ಇನ್ನೊಂದು ಬಗೆಯ ಪ್ರೋಟೀನ್ ಇದೆ, ಹಾಲು ಒಡೆದಾಗ ತಿಳಿನೀರಿನಲ್ಲಿ ಉಳಿಯುವಂಥದ್ದು. ಅದು 70 ಡಿಗ್ರಿ ದಾಟುತ್ತಿದ್ದಂತೆ ರಚನೆ ಕೆಟ್ಟು ಬಿಸಿ ಲೋಹಕ್ಕೆ ಅಂಟಿಕೊಳ್ಳುತ್ತದೆ, ಜೊತೆಗೆ ಹಾಲಿನ ಸುಣ್ಣದ ಅಂಶವನ್ನೂ ಸೇರಿಸಿಕೊಳ್ಳುತ್ತದೆ. ಅಂದರೆ ಹಾಲು ಉಕ್ಕುವುದಕ್ಕೆ ಬಹಳ ಮೊದಲೇ ತಳದಲ್ಲಿ ಪದರ ಕಟ್ಟಲು ಆರಂಭವಾಗಿರುತ್ತದೆ. ಆ ಪದರದ ಕೆಳಗೆ ನೀರು ತಲುಪುವುದಿಲ್ಲ, ಹಾಲಿನ ಸಕ್ಕರೆಯೂ ಅದರಲ್ಲೇ ಸಿಕ್ಕಿಕೊಂಡು ಕಂದಾಗುತ್ತದೆ. ಸ್ಟೀಲ್ ಪಾತ್ರೆಯ ಆ ಬಳೆಯಾಕಾರದ ಬಿಸಿ ಜಾಗಕ್ಕೆ ಇದು ಹೇಳಿ ಮಾಡಿಸಿದ ಕೆಲಸ.

ಹಾಲು ಹಾಕುವ ಮೊದಲು ಪಾತ್ರೆಯನ್ನು ತಣ್ಣೀರಿನಿಂದ ತೊಳೆದು ಒರೆಸದೆ ಹಾಲು ಸುರಿಯುವುದು ಎಲ್ಲರಿಗೂ ಗೊತ್ತಿರುವ ಉಪಾಯ. ಸ್ವಲ್ಪ ಸಹಾಯವಾಗುತ್ತದೆ, ಪವಾಡವೇನೂ ಆಗುವುದಿಲ್ಲ. ಅದಕ್ಕಿಂತ ಮುಖ್ಯ, ನಿನ್ನೆಯ ಹಾಲಿನ ಪಾತ್ರೆ ನಿಜವಾಗಿ ತೊಳೆದಿದೆಯೇ ಎಂಬುದು. ಒದ್ದೆ ಇರುವಾಗ ಸ್ವಚ್ಛವಾಗಿ ಕಂಡ ತಳ ಒಣಗಿದ ಮೇಲೆ ಮಬ್ಬಾಗಿ ಕಂಡರೆ ನಿನ್ನೆಯ ಪದರ ಅಲ್ಲೇ ಇದೆ, ಇಂದಿನ ಹಾಲು ಅದಕ್ಕೇ ಕಚ್ಚಿಕೊಳ್ಳುತ್ತದೆ. ದಿನವೂ ಸೀಯುತ್ತದೆ ಎಂದು ಬರೆಯುವವರ ಮನೆಯಲ್ಲಿ ಬಹಳ ಸಲ ಇದೇ ಕಾರಣ. ಇನ್ನೊಂದು, ಹಿಂದಿನ ದಿನ ಉಳಿದ ಹಾಲಿಗೆ ಹೊಸ ಹಾಲು ಸುರಿದು ಕಾಯಿಸುವ ಅಭ್ಯಾಸ. ಹಳೆಯ ಹಾಲು ಬಾಯಿಗೆ ಹುಳಿ ಎನಿಸದಿದ್ದರೂ ಒಳಗೆ ಹುಳಿ ಏರುತ್ತಿರುತ್ತದೆ, ಅಂಥ ಹಾಲು ಬೇಗ ತಳ ಹಿಡಿಯುತ್ತದೆ.

ಪೊಟ್ಟಣದ ಹಾಲು ಪಾಶ್ಚರೀಕರಿಸಿ ಬಂದದ್ದು. ಅದನ್ನು ಮೂರು ಮೂರು ಸಲ ಉಕ್ಕಿಸಬೇಕಾಗಿಲ್ಲ, ಒಂದು ಕುದಿ ಬಂದರೆ ಸಾಕು. ಮಧ್ಯಮ ಉರಿಯಲ್ಲಿಟ್ಟು, ಪಾತ್ರೆಯ ಅಂಚಿನಲ್ಲಿ ಸಣ್ಣ ಗುಳ್ಳೆ ಕಾಣತೊಡಗಿದ ಮೇಲೆ ಎರಡು ಮೂರು ಸಲ ತಳ ಕೆರೆದು, ಕುದಿ ಬಂದ ತಕ್ಷಣ ಆರಿಸಿ. ಒಲೆಯ ಮುಂದೆ ನಿಲ್ಲಲು ಪುರುಸೊತ್ತಿಲ್ಲದವರಿಗೆ ಸಿಳ್ಳೆ ಹಾಕುವ ಹಾಲಿನ ಕುಕ್ಕರ್ ಈಗಲೂ ಅಂಗಡಿಗಳಲ್ಲಿ ಸಿಗುತ್ತದೆ. ಎರಡು ಗೋಡೆಗಳ ನಡುವೆ ನೀರು ತುಂಬುವ ಪಾತ್ರೆ ಅದು. ಉರಿ ನೀರಿಗೆ ತಗಲುತ್ತದೆಯೇ ಹೊರತು ಹಾಲಿಗಲ್ಲ, ಹಾಗಾಗಿ ಹಾಲು ತಳ ಹಿಡಿಯಲು ದಾರಿಯೇ ಇಲ್ಲ. ನೋಡಲು ಹಳೆಯ ಕಾಲದ್ದು ಎಂದು ಮೂಗು ಮುರಿಯುವವರಿದ್ದಾರೆ. ನನ್ನ ದೃಷ್ಟಿಯಲ್ಲಿ ಅದರಷ್ಟು ಜಾಣ ಪಾತ್ರೆ ಇನ್ನೊಂದಿಲ್ಲ. ನಡುವಿನ ನೀರು ಬತ್ತದಂತೆ ಮಾತ್ರ ನೋಡಿಕೊಳ್ಳಬೇಕು.

ಪಾಯಸದಲ್ಲಿ ಹಾಲಿನ ಜೊತೆಗೆ ಗಂಜಿ ಮತ್ತು ಸಕ್ಕರೆ ಸೇರುತ್ತವೆ, ಅಪಾಯ ಮೂರು ಪಟ್ಟು. ಶಾವಿಗೆಯನ್ನು ತುಪ್ಪದಲ್ಲಿ ಹುರಿದ ಮೇಲೆ ಮೊದಲು ನೀರಿನಲ್ಲಿ ಮುಕ್ಕಾಲು ಬೇಯಿಸಿ, ಬೇರೆ ಕಾಯಿಸಿಟ್ಟ ಬಿಸಿ ಹಾಲನ್ನು ಆಮೇಲೆ ಸೇರಿಸಿ, ಸಕ್ಕರೆ ಕಟ್ಟಕಡೆಗೆ. ಬೆಲ್ಲವಾದರೆ ಇನ್ನೂ ಎಚ್ಚರ: ಬೆಲ್ಲದಲ್ಲಿ ಸಕ್ಕರೆಯ ಜೊತೆ ಗ್ಲೂಕೋಸ್, ಫ್ರಕ್ಟೋಸ್ ಕೂಡ ಇರುವುದರಿಂದ ಬೇಗ ಕಂದಾಗುತ್ತದೆ, ಬಿಸಿ ಹಾಲನ್ನು ಒಡೆಯಿಸಲೂಬಹುದು. ಕರಗಿಸಿ ಸೋಸಿದ ಬೆಲ್ಲವನ್ನು ಒಲೆ ಆರಿಸಿ ಬಿಸಿ ಸ್ವಲ್ಪ ಇಳಿದ ಮೇಲೆ ಹಾಕಿ. ಗಸಗಸೆ ಪಾಯಸದಲ್ಲಿ ಅಕ್ಕಿ ರುಬ್ಬಿರುವುದರಿಂದ ಗಟ್ಟಿಯಾಗುವುದು ಕಣ್ಣುಮುಚ್ಚಿ ತೆರೆಯುವಷ್ಟರಲ್ಲಿ. ಅದನ್ನು ಒಲೆಯ ಮೇಲಿಟ್ಟು ಫೋನ್ ಎತ್ತಿಕೊಳ್ಳುವುದು ಬೇಡ. ಹೂರಣ, ಹಯಗ್ರೀವಗಳಲ್ಲಿ ಬೇಳೆಯ ಕಟ್ಟನ್ನು ಚೆನ್ನಾಗಿ ಬಸಿದು ಬೆಲ್ಲ ಹಾಕಿದರೆ ಒಲೆಯ ಮೇಲಿರಬೇಕಾದ ಹೊತ್ತು ಅರ್ಧಕ್ಕಿಳಿಯುತ್ತದೆ.

ಒಂದು ಮಾತು ಇಲ್ಲಿ ಹೇಳಲೇಬೇಕು. ಧಾರವಾಡ ಪೇಡೆಯ ಕಂದು ಬಣ್ಣ, ಬೆಳಗಾವಿ ಕುಂದದ ಆ ಘಮ, ಇವೂ ಹಾಲು ಮತ್ತು ಸಕ್ಕರೆ ಕಂದಾದದ್ದರಿಂದಲೇ ಬಂದವು. ಅಲ್ಲಿ ಅಗಲ ಬಾಣಲೆಯಲ್ಲಿ ಕೈ ನಿಲ್ಲಿಸದೆ ಮಗುಚುತ್ತಿರುವುದರಿಂದ ಯಾವ ಕಣವೂ ತಳದಲ್ಲಿ ಹೆಚ್ಚು ಹೊತ್ತು ಕೂರುವುದಿಲ್ಲ, ಇಡೀ ಖೋವಾ ಸಮನಾಗಿ ಬಣ್ಣ ಕಟ್ಟುತ್ತದೆ. ನಿಮ್ಮ ಪಾತ್ರೆಯಲ್ಲಿ ಒಂದು ಬಳೆಯಷ್ಟು ಜಾಗ ಕಂದು ದಾಟಿ ಕಪ್ಪಾಗುತ್ತದೆ, ಉಳಿದದ್ದು ಬೆಳ್ಳಗೆ ಉಳಿಯುತ್ತದೆ, ಕಹಿ ಮಾತ್ರ ಎಲ್ಲಕ್ಕೂ ಹಂಚಿಕೆಯಾಗುತ್ತದೆ.

ಬಿಸಿಬೇಳೆಬಾತಿನಲ್ಲಿ ಪಾತ್ರೆಯನ್ನೂ ಒಲೆಯನ್ನೂ ದೂರುವಂತಿಲ್ಲ. ಕುಕ್ಕರಿನೊಳಗೆ ಒತ್ತಡ ಪೂರ್ತಿ ಏರಿದಾಗ ನೀರು ಸುಮಾರು 120 ಡಿಗ್ರಿಯಲ್ಲಿರುತ್ತದೆ, ಮುಚ್ಚಳ ಹಾಕಿದ ಮೇಲೆ ತಿರುವುವವರು ಯಾರೂ ಇಲ್ಲ. ಅಕ್ಕಿ, ಬೇಳೆ, ರುಬ್ಬಿದ ಮಸಾಲೆ ಎಲ್ಲವೂ ತಳಕ್ಕಿಳಿದು ಕೂರುತ್ತವೆ. ಬೇಳೆ, ಅನ್ನ, ತರಕಾರಿಯನ್ನು ಕುಕ್ಕರಿನೊಳಗಿನ ಡಬ್ಬಿಗಳಲ್ಲಿ ಬೇಯಿಸಿಕೊಂಡು, ಹುಣಸೆ ರಸದಲ್ಲಿ ಪುಡಿ ಕುದಿಸಿ, ಎಲ್ಲವನ್ನೂ ದಪ್ಪ ತಳದ ಪಾತ್ರೆಯಲ್ಲಿ ಕೂಡಿಸುವುದೇ ಸರಿಯಾದ ಕ್ರಮ. ರುಚಿಯೂ ಹೆಚ್ಚು. ಪಲಾವಿನಂಥದ್ದನ್ನು ನೇರವಾಗಿ ಮಾಡುವುದಾದರೆ, ಒಗ್ಗರಣೆ ಮಸಾಲೆ ಹುರಿದಾದ ಮೇಲೆ ನೀರು ಸುರಿದು, ತಳಕ್ಕೆ ಅಂಟಿದ್ದೆಲ್ಲ ಬಿಡುವವರೆಗೆ ಸಟ್ಟುಗದಿಂದ ಕೆರೆದು, ನೀರು ಕುದಿ ಬಂದ ಮೇಲೆ ಅಕ್ಕಿ ಹಾಕಿ ಮುಚ್ಚಿ. ಆ ಅರ್ಧ ನಿಮಿಷ ಕೆರೆಯದೆ ಮುಚ್ಚುವುದರಿಂದಲೇ ಬಹುತೇಕ ಪಲಾವುಗಳು ಸೀಯುತ್ತವೆ.

ಕುಕ್ಕರ್ ವಿಸಿಲ್ ಹಾಕದೆ ಮುಚ್ಚಳದ ಅಂಚಿನಿಂದ ಸುಂಯ್ ಎನ್ನುತ್ತಿದ್ದರೆ ಗ್ಯಾಸ್ಕೆಟ್ ಸೋತಿದೆ. ನೀವು ವಿಸಿಲಿಗೆ ಕಾಯುತ್ತಿರುತ್ತೀರಿ, ನೀರು ಅಷ್ಟರಲ್ಲಿ ಆವಿಯಾಗಿ ಹೋಗಿರುತ್ತದೆ. ಸೀದ ವಾಸನೆ ಬಂದರೆ ಒಲೆ ಆರಿಸಿ ಒತ್ತಡ ತಾನಾಗಿ ಇಳಿಯಲು ಬಿಡಿ. ವಿಸಿಲ್ ಎತ್ತಿ ಆವಿ ಬಿಡುವುದು, ಕಾದ ಕುಕ್ಕರಿಗೆ ತಣ್ಣೀರು ಸುರಿಯುವುದು ಎರಡೂ ಬೇಡ. ಮುಚ್ಚಳದ ಸುರಕ್ಷಾ ವಾಲ್ವ್ ಕರಗಿ ಹೋಗಿದ್ದರೆ ಒಳಗೆ ನೀರು ಬತ್ತಿತ್ತು ಎಂದೇ ಅರ್ಥ. ಅದೇ ಕಂಪನಿಯ ಹೊಸ ವಾಲ್ವ್ ಹಾಕಿಸಿ, ಇನ್ನೇನನ್ನೋ ತುರುಕಿ ಸಾಗಹಾಕಬೇಡಿ.

ಇಂಡಕ್ಷನ್ ಒಲೆಯ ಗುಟ್ಟು ಅನೇಕರಿಗೆ ಗೊತ್ತಿಲ್ಲ. ಗ್ಯಾಸಿನಲ್ಲಿ ಸಿಮ್ ಎಂದರೆ ನಿಜವಾಗಿ ಸಣ್ಣ ಉರಿ. ಕಡಿಮೆ ಬೆಲೆಯ ಅನೇಕ ಇಂಡಕ್ಷನ್ ಒಲೆಗಳಲ್ಲಿ ಹಾಗಲ್ಲ: ಅತಿ ಕಡಿಮೆ ಅಂಕಿಗೆ ಇಟ್ಟರೂ ಅವು ಕೆಲವು ಕ್ಷಣ ಜೋರಾಗಿ ಕಾಯಿಸಿ, ಕೆಲವು ಕ್ಷಣ ಪೂರ್ತಿ ನಿಂತು, ಸರಾಸರಿಯಲ್ಲಿ ಲೆಕ್ಕ ಸರಿದೂಗಿಸುತ್ತವೆ. ದಪ್ಪ ತಳದ ಪಾತ್ರೆ ಈ ಏರಿಳಿತವನ್ನು ನುಂಗಿಕೊಳ್ಳುತ್ತದೆ, ತೆಳು ಸ್ಟೀಲ್ ನುಂಗುವುದಿಲ್ಲ. ಪರೀಕ್ಷಿಸಲು ಎರಡು ಲೋಟ ನೀರನ್ನು ಕುದಿಸಿ ಅಂಕಿಯನ್ನು ಕನಿಷ್ಠಕ್ಕೆ ಇಳಿಸಿ ನೋಡಿ. ನೀರು ಕುದಿದು, ನಿಂತು, ಮತ್ತೆ ಕುದಿಯುತ್ತಿದ್ದರೆ ನಿಮ್ಮದು ಆ ಜಾತಿಯ ಒಲೆ. ಅದರಲ್ಲಿ ಹಾಲನ್ನು ಕನಿಷ್ಠ ಅಂಕಿಯಲ್ಲಿಟ್ಟು ಬೇರೆ ಕೆಲಸಕ್ಕೆ ಹೋಗುವುದಕ್ಕಿಂತ, ಮಧ್ಯಮಕ್ಕಿಟ್ಟು ಎದುರು ನಿಂತು ಕುದಿಸಿ ಆರಿಸುವುದು ಮೇಲು. ಫಲಕದಲ್ಲಿ ಕಾಣುವ ಡಿಗ್ರಿಯನ್ನು ನಂಬಬೇಡಿ, ಅದು ಗಾಜಿನ ಅಡಿಯಲ್ಲಿರುವ ಸಂವೇದಕದ ಲೆಕ್ಕ, ಪಾತ್ರೆಯ ಒಳಗಿನದಲ್ಲ.

ಗ್ಯಾಸಿನಲ್ಲಿ ಉರಿ ಪಾತ್ರೆಯ ತಳವನ್ನು ಮೀರಿ ಗೋಡೆಗೆ ನೆಕ್ಕಬಾರದು. ಉರಿ ನೀಲಿ ಇರಬೇಕು. ಹಳದಿಯಾಗಿದ್ದರೆ ಬರ್ನರ್ ಬಿಚ್ಚಿ ರಂಧ್ರಗಳನ್ನು ಸೂಜಿಯಿಂದ ಬಿಡಿಸಿ. ತೆಳು ಪಾತ್ರೆಯೇ ಗತಿ ಎನ್ನುವವರಿಗೆ ಕಾಸು ಖರ್ಚಿಲ್ಲದ ದಾರಿಯೊಂದಿದೆ. ಹಳೆಯ ಕಬ್ಬಿಣದ ಹೆಂಚನ್ನು ಗ್ಯಾಸಿನ ಮೇಲಿಟ್ಟು ಅದರ ಮೇಲೆ ಪಾತ್ರೆ ಇಡಿ. ಬಿರಿಯಾನಿಗೆ ದಮ್ ಕೊಡುವವರು ಮಾಡುವುದು ಇದನ್ನೇ. ಉರಿಯ ಚುಕ್ಕೆಗಳು ಹೆಂಚಿನಲ್ಲೇ ಹರಡಿಹೋಗುತ್ತವೆ. ಪಾಯಸ, ಕೇಸರಿಬಾತ್, ಸಾಂಬಾರನ್ನು ಮತ್ತೆ ಬಿಸಿ ಮಾಡುವುದು, ಎಲ್ಲಕ್ಕೂ ನಡೆಯುತ್ತದೆ. ಸ್ವಲ್ಪ ತಡವಾಗುತ್ತದೆ, ಅಷ್ಟೇ.

ಕೊಳ್ಳುವುದಾದರೆ ಇಡೀ ಸೆಟ್ ಬೇಡ, ದಪ್ಪ ತಳದ್ದು ಒಂದು ಸಾಕು. ಎರಡು ಸ್ಟೀಲ್ ಪದರಗಳ ನಡುವೆ ಅಲ್ಯೂಮಿನಿಯಂ ಇರುವ ಟ್ರೈಪ್ಲೈ ಪಾತ್ರೆಯಲ್ಲಿ ಗೋಡೆಯವರೆಗೂ ಶಾಖ ಹರಡುತ್ತದೆ. ತಳಕ್ಕೆ ಮಾತ್ರ ಬಿಲ್ಲೆ ಕೂರಿಸಿದ ಪಾತ್ರೆ ಅಗ್ಗ, ಅದೂ ಒಳ್ಳೆಯದೇ; ಆದರೆ ಬಿಲ್ಲೆ ಮುಗಿಯುವ ಅಂಚಿನಲ್ಲಿ ಸೀಯುವ ಸಂಭವವಿದೆ, ಬಿಲ್ಲೆ ತಳದಷ್ಟೇ ಅಗಲವಿದೆಯೇ ನೋಡಿ ಕೊಳ್ಳಿ. ತಳಕ್ಕೆ ತಾಮ್ರದ ಬಣ್ಣ ಮಿರುಗುವ ತೆಳು ಸ್ಟೀಲ್ ಪಾತ್ರೆಗಳಿಗೆ ದುಡ್ಡು ಸುರಿಯಬೇಡಿ. ಆ ತಾಮ್ರ ಲೇಪನದಷ್ಟು ತೆಳು, ಶೋಭೆಗೆ ಮಾತ್ರ. ಮನೆಯಲ್ಲಿ ಕಲಾಯಿ ಹಾಕಿಸಿದ ಹಿತ್ತಾಳೆ ಪಾತ್ರೆ ಇದ್ದರೆ ಪಾಯಸಕ್ಕೆ ಅದರಷ್ಟು ಒಳ್ಳೆಯದಿಲ್ಲ. ಕಲಾಯಿ ಎಂದರೆ ತವರ, ಅದು 232 ಡಿಗ್ರಿಗೆ ಕರಗುತ್ತದೆ. ಬರಿದೆ ಕಾಯಿಸುವುದು, ಅದರಲ್ಲೇ ಒಗ್ಗರಣೆ ಸಿಡಿಸುವುದು ಬೇಡ. ನಾನ್‌ಸ್ಟಿಕ್ ಬಾಣಲೆಯನ್ನೂ ಬರಿದೆ ಕಾಯಲು ಬಿಡಬಾರದು. 260 ಡಿಗ್ರಿ ದಾಟಿದರೆ ಲೇಪನ ಕೆಡಲು ಆರಂಭಿಸುತ್ತದೆ, ಇನ್ನೂ ಹೆಚ್ಚು ಕಾದರೆ ಬರುವ ಹೊಗೆ ಪಂಜರದ ಗಿಳಿಯ ಪ್ರಾಣಕ್ಕೇ ಎರವಾಗಬಲ್ಲದು.

ಅಷ್ಟೆಲ್ಲ ಎಚ್ಚರವಿದ್ದೂ ಸೀದ ವಾಸನೆ ಮೂಗಿಗೆ ಬಿದ್ದರೆ ಮೊದಲು ಕೈ ಕಟ್ಟಿಕೊಳ್ಳಿ. ಎಲ್ಲರೂ ಗಾಬರಿಯಲ್ಲಿ ಸೌಟು ಹಾಕಿ ತಳ ಕೆರೆಯುತ್ತಾರೆ, ಕರಕಲು ಇಡೀ ಪಾತ್ರೆಗೆ ಬೆರೆಯುತ್ತದೆ. ಒಲೆ ಆರಿಸಿ, ಮೇಲಿನದನ್ನು ಮಾತ್ರ ನಿಧಾನವಾಗಿ ಇನ್ನೊಂದು ಪಾತ್ರೆಗೆ ಬಗ್ಗಿಸಿ, ತಳದ ಕಾಲಂಶ ಅಲ್ಲೇ ಉಳಿಯಲಿ. ಸಾಂಬಾರು, ಅನ್ನ ಹೀಗೆ ಬಚಾವಾಗುತ್ತವೆ. ಹಾಲು ಆಗುವುದಿಲ್ಲ, ಅದರ ಕೊಬ್ಬು ಸೀದ ವಾಸನೆಯನ್ನು ಹೀರಿಕೊಂಡುಬಿಡುತ್ತದೆ. ಏಲಕ್ಕಿ ಹಾಕಿದರೆ ಏಲಕ್ಕಿ ಹಾಕಿದ ಸೀದ ಹಾಲಾಗುತ್ತದೆ.

ಪಾತ್ರೆ ಉಳಿಸಿಕೊಳ್ಳುವ ವಿಚಾರ. ಸ್ಟೀಲ್ ಪಾತ್ರೆಗೆ ಕರಕಲು ಮುಳುಗುವಷ್ಟು ನೀರು, ಲೀಟರಿಗೆ ಎರಡು ಚಮಚ ಅಡುಗೆ ಸೋಡಾ ಹಾಕಿ ಹತ್ತು ನಿಮಿಷ ಕುದಿಸಿ, ರಾತ್ರಿಯಿಡೀ ಬಿಡಿ. ಬೆಳಗ್ಗೆ ಮರದ ಸಟ್ಟುಗದಿಂದ ನೂಕಿದರೆ ಹಾಲಿನ ಪದರ ಚಕ್ಕೆ ಚಕ್ಕೆಯಾಗಿ ಏಳುತ್ತದೆ. ಏಳದಿದ್ದರೆ ನೀರು ಚೆಲ್ಲಿ ಬಿಸಿಲಿನಲ್ಲಿ ಒಣಗಿಸಿ. ಕರಕಲು ಬಿರುಕು ಬಿಟ್ಟು ತಾನಾಗಿ ಸಡಿಲವಾಗುತ್ತದೆ, ಆಮೇಲೆ ಇನ್ನೊಮ್ಮೆ ಸೋಡಾ. ಕಡೆಗೆ ಉಳಿಯುವ ಬಿಳಿ ಮಬ್ಬು ಸುಣ್ಣದ್ದು, ಅದಕ್ಕೆ ಹುಣಸೆಹಣ್ಣು ಅಥವಾ ನಿಂಬೆ. ಸೋಡಾ ಮತ್ತು ನಿಂಬೆಯನ್ನು ಒಟ್ಟಿಗೆ ಸುರಿದು ನೊರೆ ಬರಿಸುವ ವಿಡಿಯೋಗಳನ್ನು ನೀವೂ ನೋಡಿರಬಹುದು. ನೊರೆ ನೋಡಲು ಚಂದ, ಆದರೆ ಕ್ಷಾರ ಮತ್ತು ಆಮ್ಲ ಒಂದನ್ನೊಂದು ಕೊಂದುಕೊಂಡು ಎರಡರ ಬಲವೂ ಹೋಗುತ್ತದೆ. ಒಂದಾದ ಮೇಲೊಂದು ಹಾಕಬೇಕು. ಅಲ್ಯೂಮಿನಿಯಂ ಪಾತ್ರೆಗೆ ಸೋಡಾ ತಾಗಿಸಬೇಡಿ, ಕಪ್ಪಾಗುತ್ತದೆ. ಹುಣಸೆ ನೀರು ಕುದಿಸಿದರೆ ಸಾಕು. ಸ್ಟೀಲಿನ ಮೇಲೆ ನವಿಲುಬಣ್ಣ ಮೂಡಿದ್ದರೆ ಹೆದರಬೇಡಿ, ಹೆಚ್ಚು ಕಾದಾಗ ಮೇಲ್ಪದರ ದಪ್ಪವಾಗುವುದರಿಂದ ಬರುವ ಬಣ್ಣ ಅದು, ನಿಂಬೆ ಹೋಳಿನಿಂದ ಉಜ್ಜಿದರೆ ಹೋಗುತ್ತದೆ. ತಣ್ಣೀರಿನ ತಳದಲ್ಲಿ ಹರಳುಪ್ಪು ಕೂತರೆ ಸ್ಟೀಲಿನಲ್ಲಿ ಸಣ್ಣ ಸಣ್ಣ ಕುಳಿ ಬೀಳುತ್ತವೆ, ಆ ಕುಳಿಗಳಲ್ಲಿ ಮುಂದೆ ಎಲ್ಲವೂ ಕಚ್ಚುತ್ತದೆ. ಉಪ್ಪನ್ನು ನೀರು ಕುದಿಯುವಾಗ ಹಾಕಿ ಕದಡಿ.

ಖಾಲಿ ಪಾತ್ರೆಯನ್ನೇ ಒಲೆಯ ಮೇಲೆ ಮರೆತಿದ್ದರೆ ಗ್ಯಾಸ್ ಆರಿಸಿ ಅಲ್ಲೇ ತಣಿಯಲು ಬಿಡಿ, ನೀರು ಚಿಮುಕಿಸಬೇಡಿ. ಅಲ್ಯೂಮಿನಿಯಂ 660 ಡಿಗ್ರಿಗೆ ಕರಗುತ್ತದೆ, ಗ್ಯಾಸಿನ ಉರಿಗೆ ಅದು ದೂರದ ಮಾತಲ್ಲ; ಎತ್ತಲು ಹೋದಾಗ ತಳ ಜಾರಿ ಬೀಳಬಹುದು. ತಣಿದ ಮೇಲೆ ಆ ಪಾತ್ರೆಯನ್ನು ಸಮತಟ್ಟಾದ ಕಲ್ಲಿನ ಮೇಲಿಟ್ಟು ತಿರುಗಿಸಿ ನೋಡಿ. ಬುಗುರಿಯಂತೆ ಸುತ್ತಿದರೆ ತಳ ಉಬ್ಬಿದೆ. ಇಂಡಕ್ಷನ್ನಿಗೆ ಇನ್ನು ಅದು ಒಗ್ಗುವುದಿಲ್ಲ, ಹಾಲಿಗೂ ಬೇಡ. ಗ್ಯಾಸಿನ ಮೇಲೆ ನೀರು ಕಾಯಿಸಿಕೊಳ್ಳಲು ಇನ್ನೂ ಬಹಳ ವರ್ಷ ಬರುತ್ತದೆ.